ಸಿಮಾಸ್ ಇನ್ವರ್ಟರ್: ಎರಡೂ ಎಚ್ಚರವಿರುವ ಆ ಒಂದು ಗಳಿಗೆ

ಇದು ಬ್ಯಾಟರಿ ಜೊತೆ ಬರುವ ಇನ್ವರ್ಟರ್ ಅಲ್ಲ. 0 ಕೊಟ್ಟರೆ 1, 1 ಕೊಟ್ಟರೆ 0 ಮಾಡುವ ಪುಟ್ಟ ಸರ್ಕ್ಯೂಟ್. ಒಳಗಿರುವುದು ಎರಡೇ ಟ್ರಾನ್ಸಿಸ್ಟರ್: ಮೇಲೆ ಪಿಮಾಸ್ (ಇನ್‌ಪುಟ್ ಕಡಿಮೆ ಇದ್ದಾಗ ಆನ್), ಕೆಳಗೆ ಎನ್‌ಮಾಸ್ (ಇನ್‌ಪುಟ್ ಹೆಚ್ಚಿದ್ದಾಗ ಆನ್). ಈ ಜೋಡಿಗೇ ಸಿಮಾಸ್ ಅಂತ ಹೆಸರು. ಒಂದು ಆನ್ ಆದರೆ ಇನ್ನೊಂದು ಆಫ್ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ಉಳಿದರ್ಧವನ್ನು ನೀವೇ ಅಳೆದು ನೋಡಿ.

ಇಂಥ ಜೋಡಿಗಳಿರುವ 4007 ಐಸಿ, ಬ್ರೆಡ್‌ಬೋರ್ಡ್, 10 ಕಿಲೋಓಮ್ ಪೊಟೆನ್ಶಿಯೋಮೀಟರ್, ಮಲ್ಟಿಮೀಟರ್ ಸಾಕು. 14ನೇ ಪಿನ್‌ಗೆ 5 ವೋಲ್ಟ್, 7ನೇ ಪಿನ್‌ಗೆ ಗ್ರೌಂಡ್ ಕೊಡಿ. 6ನೇ ಪಿನ್ ಎರಡು ಟ್ರಾನ್ಸಿಸ್ಟರಿಗೂ ಸೇರಿದ ಗೇಟ್ (ಆನ್-ಆಫ್ ಮಾಡುವ ಕಾಲು), ಅದೇ ಇನ್‌ಪುಟ್. 8 ಮತ್ತು 13 ಡ್ರೇನ್‌ಗಳು, ಅಂದರೆ ಎರಡು ಟ್ರಾನ್ಸಿಸ್ಟರ್‌ಗಳ ಔಟ್‌ಪುಟ್ ಕಡೆಯ ಕಾಲುಗಳು. ಅವನ್ನು ವೈರಿನಿಂದ ಸೇರಿಸಿದರೆ ಔಟ್‌ಪುಟ್. ಬಳಸದ ಜೋಡಿಗಳ ಗೇಟ್‌ಗಳಾದ 3 ಮತ್ತು 10ನೇ ಪಿನ್‌ಗಳನ್ನು ಗ್ರೌಂಡ್‌ಗೆ ಸೇರಿಸಿ. ಸುಮ್ನೆ ಬಿಟ್ಟ ಗೇಟ್, ಬೆರಳು ಹತ್ತಿರ ತಂದರೂ ಮನಸ್ಸು ಬದಲಿಸುತ್ತದೆ.

ಪೊಟೆನ್ಶಿಯೋಮೀಟರಿನ ಎರಡು ತುದಿಗಳನ್ನು 5 ವೋಲ್ಟ್ ಮತ್ತು ಗ್ರೌಂಡ್‌ಗೆ, ನಡುವಿನ ಕಾಲನ್ನು 6ನೇ ಪಿನ್‌ಗೆ ಜೋಡಿಸಿ. ಈಗ ಸೊನ್ನೆಯಿಂದ ನಿಧಾನವಾಗಿ ತಿರುಗಿಸಿ.

ಮೊದಲು ಪಿಮಾಸ್ ಪೂರ್ತಿ ಆನ್, ಎನ್‌ಮಾಸ್ ಆಫ್. ಔಟ್‌ಪುಟ್ 5 ವೋಲ್ಟ್. ಇನ್‌ಪುಟ್ ಸುಮಾರು 1.5 ವೋಲ್ಟ್ ದಾಟಿದಾಗ (ಐಸಿಯಿಂದ ಐಸಿಗೆ ವ್ಯತ್ಯಾಸ ಇರುತ್ತದೆ) ಎನ್‌ಮಾಸ್ ಕಣ್ಣು ಬಿಡುತ್ತದೆ, ಔಟ್‌ಪುಟ್ ಚೂರು ಜಗ್ಗುತ್ತದೆ. ಇನ್ನು ಕೈ ತುಂಬಾ ನಿಧಾನ ಇರಲಿ. 2.5 ವೋಲ್ಟ್ ಆಸುಪಾಸಿನಲ್ಲಿ ಇನ್‌ಪುಟ್ ಸ್ವಲ್ಪವೇ ಅಲುಗಿದರೂ ಔಟ್‌ಪುಟ್ ಧಡಾರನೆ ಕೆಳಗೆ ಬೀಳುತ್ತದೆ. ಇಲ್ಲಿ ಎರಡೂ ಟ್ರಾನ್ಸಿಸ್ಟರ್ ಸ್ಯಾಚುರೇಶನ್‌ನಲ್ಲಿವೆ. ಡ್ರೇನ್ ವೋಲ್ಟೇಜ್ ಎಷ್ಟಿದ್ದರೂ ತನ್ನ ಕರೆಂಟ್ ಇಷ್ಟೇ ಅಂತ ಎರಡೂ ಹಟ ಹಿಡಿದಿರುತ್ತವೆ. ಹಾಗಾಗಿ ಒಂದರ ಕೈ ಚೂರು ಮೇಲಾದರೂ ಔಟ್‌ಪುಟ್ ಪೂರ್ತಿ ಆ ಕಡೆ ವಾಲುತ್ತದೆ. ಆಮೇಲೆ ಕಥೆ ತಿರುಗುಮುರುಗು. ಸುಮಾರು 3.5 ವೋಲ್ಟ್ ದಾಟಿದರೆ ಪಿಮಾಸ್ ಆಫ್, ಔಟ್‌ಪುಟ್ ಸೊನ್ನೆ.

ಮೀಟರನ್ನು ಕರೆಂಟ್ ಅಳೆಯಲು ಇಟ್ಟು, 14ನೇ ಪಿನ್‌ಗೆ ಹೋಗುವ ವೈರಿನ ನಡುವೆ ಸೇರಿಸಿ ಇನ್ನೊಮ್ಮೆ ತಿರುಗಿಸಿ. ಎರಡು ತುದಿಯಲ್ಲೂ ಹೆಚ್ಚೂಕಡಿಮೆ ಸೊನ್ನೆ, ನಡುವೆ ಮಾತ್ರ ಏರಿಕೆ. 1963ರಲ್ಲಿ ಫೇರ್‌ಚೈಲ್ಡ್ ಕಂಪನಿಯ ಫ್ರಾಂಕ್ ವಾನ್ಲಾಸ್ ಈ ಜೋಡಿಯನ್ನು ತಂದಾಗ ದೊಡ್ಡ ಆಕರ್ಷಣೆಯೇ ಇದು: ಸುಮ್ನೆ ಕೂತಾಗ ಖರ್ಚು ಇಲ್ಲದಷ್ಟೇ. ನಿಧಾನವಾಗಿ ಏರುವ ಸಿಗ್ನಲ್ ಕೊಟ್ಟರೆ ನಡುವೆ ಹೆಚ್ಚು ಹೊತ್ತು ನಿಂತು ಕರೆಂಟ್ ಜಾಸ್ತಿ ಹೋಗುತ್ತದೆ.

ಔಟ್‌ಪುಟ್ ಬೀಳುವ ಜಾಗ ಸರಿಯಾಗಿ 2.5ಕ್ಕೆ ಬಾರದಿದ್ದರೆ ವೈರಿಂಗ್ ಕಿತ್ತು ಹಾಕಬೇಡಿ. ಪಿಮಾಸ್‌ನಲ್ಲಿ ಕರೆಂಟ್ ಒಯ್ಯುವ ಹೋಲ್‌ಗಳು (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು) ಎನ್‌ಮಾಸ್‌ನ ಎಲೆಕ್ಟ್ರಾನ್‌ಗಳಿಗಿಂತ ನಿಧಾನ, ಆದ್ದರಿಂದ ಅದೇ ಅಳತೆಯ ಪಿಮಾಸ್ ಬಡಕಲು. ಅದಕ್ಕೇ ಚಿಪ್ ವಿನ್ಯಾಸ ಮಾಡುವವರು ಅದನ್ನು ಸಾಮಾನ್ಯವಾಗಿ ಎರಡು ಮೂರು ಪಟ್ಟು ಅಗಲ ಮಾಡುತ್ತಾರೆ.