ಲೈಬ್ರರಿ ಪುಸ್ತಕ ಎಣಿಸೋದು ಹೇಗೆ? ಕಳೆದದ್ದನ್ನ ಮುಚ್ಚಿಡದೇ ಲೆಕ್ಕ ಒಪ್ಪಿಸೋ ದಾರಿ

ಫೆಬ್ರವರಿ ಬಂತು ಅಂದ್ರೆ ಊರಿನ ಲೈಬ್ರರಿ ನೋಡ್ಕೊಳ್ಳೋರಿಗೆಲ್ಲ ಹೊಟ್ಟೆಯಲ್ಲಿ ತಳಮಳ ಶುರು. ಮಾರ್ಚ್ ಒಳಗೆ ಸ್ಟಾಕ್ ವೆರಿಫಿಕೇಷನ್, ಅಂದ್ರೆ ಇರೋ ಪುಸ್ತಕದ ಎಣಿಕೆ, ಆಗ್ಬೇಕು, ಎಷ್ಟು ಕಾಣೆಯಾಗಿದೆಯೋ, ಯಾರ ತಲೆಗೆ ಕಟ್ತಾರೋ ಅಂತ. ನಾನು ಹದಿನೆಂಟು ವರ್ಷದಿಂದ ಗ್ರಾಮ ಪಂಚಾಯ್ತಿ ಲೈಬ್ರರಿ ಮೇಲ್ವಿಚಾರಕಿ. ಸೇರಿದ ಹೊಸದರಲ್ಲಿ ಒಂದ್ಸಲ ತಪಾಸಣೆಗೆ ಬಂದವರು ಓದಕ್ಕೆ ಎಷ್ಟು ಜನ ಬರ್ತಾರಮ್ಮಾ ಅಂತ ಒಂದು ಮಾತೂ ಕೇಳಲಿಲ್ಲ, ಕಾಣದಿದ್ದ ನಾಲ್ಕು ಪುಸ್ತಕದ ದುಡ್ಡು ನನ್ನ ಕೈಯಿಂದ ಕಟ್ಟಿಸ್ಕೊಂಡು ಹೋದ್ರು. ಆಮೇಲೆ ನಾನು ಮಾಡಿದ್ದೇನು ಗೊತ್ತಾ, ಒಳ್ಳೊಳ್ಳೆ ಪುಸ್ತಕ ಎಲ್ಲಾ ಕಬ್ಬಿಣದ ಬೀರುಗೆ ತುಂಬಿ ಬೀಗ ಜಡಿದೆ. ಆರು ವರ್ಷ ಒಂದೂ ಕಳೀಲಿಲ್ಲ, ಒಂದನ್ನೂ ಯಾರೂ ಓದಲೂ ಇಲ್ಲ.

ಎಣಿಸೋದನ್ನ ಸರಿಯಾಗಿ ಕಲಿತ ಮೇಲೇನೇ ನಾನು ಆ ಬೀಗ ತೆಗೆದಿದ್ದು, ಅದಕ್ಕೇ ಈ ಕೆಲಸ ಹೇಗೆ ಮಾಡೋದು ಅಂತ ಮೊದಲಿಂದ ಹೇಳ್ತೀನಿ. ಲೈಬ್ರರಿ ಸಮಿತಿಯಲ್ಲಿ ಇರೋ ಪಂಚಾಯ್ತಿ ಸದಸ್ಯರು, ಮೇಷ್ಟ್ರುಗಳು ಕೂಡ ಓದಿ, ನಿಮ್ಮ ಸಹಿ ಬೇಕಾಗೋ ಕೆಲಸ ಇದು.

ಎಣಿಸೋಕೆ ಹದಿನೈದು ದಿನ ಮುಂಚೆ ಹೊರಗೆ ಹೋಗಿರೋ ಪುಸ್ತಕ ವಾಪಸ್ ಕರೀರಿ. ಬಾಗಿಲಿಗೆ ಒಂದು ನೋಟಿಸು, ಊರಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜು, ಶಾಲೆಯಲ್ಲಿ ಪ್ರಾರ್ಥನೆ ಹೊತ್ತಿಗೆ ಒಂದು ಮಾತು. ‘ದಂಡ ಇಲ್ಲ, ಎಷ್ಟೇ ಹಳೇದಾದ್ರೂ ತಂದುಕೊಡಿ’ ಅಂತ ದೊಡ್ಡದಾಗಿ ಬರೀರಿ, ದಂಡದ ಹೆದರಿಕೆಗೆ ಪುಸ್ತಕ ಅಟ್ಟದ ಮೇಲೇ ಉಳಿದುಬಿಡತ್ತೆ. 2020ರಲ್ಲಿ ಮಕ್ಕಳನ್ನ ಲೈಬ್ರರಿಗೆ ಕರೆತರೋ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ ಆದ ಮೇಲೆ ನಮ್ಮಲ್ಲಿ ಅರ್ಧಕ್ಕರ್ಧ ಪುಸ್ತಕ ಮಕ್ಕಳ ಚೀಲದಲ್ಲೇ ಇರತ್ತೆ, ಹಾಗಾಗಿ ಶಾಲೆಗೆ ಹೇಳೋದು ಮರೀಬೇಡಿ. ಇನ್ನೊಂದು, ಎಣಿಕೆ ಅಂತ ಲೈಬ್ರರಿ ಪೂರ್ತಿ ಮುಚ್ಚಬೇಡಿ. ಪೇಪರ್ ಓದೋ ಟೇಬಲ್ಲು, ಕಾಂಪಿಟೇಟಿವ್ ಎಕ್ಸಾಂಗೆ ಓದೋ ಹುಡುಗರ ಜಾಗ ತೆರೆದಿರಲಿ, ಅವರಲ್ಲೇ ಒಬ್ಬಿಬ್ಬರು ಸಹಾಯಕ್ಕೂ ಬರ್ತಾರೆ.

ಆಮೇಲೆ ಅಕ್ಸೆಷನ್ ರಿಜಿಸ್ಟರ್, ಅಂದ್ರೆ ಬಂದ ಪ್ರತಿ ಪುಸ್ತಕಕ್ಕೂ ಒಂದು ನಂಬರ್ ಕೊಟ್ಟು ಬರೆದಿಡೋ ಪುಸ್ತಕ, ತೆಗೆದು ಕೂತ್ಕೊಳ್ಳಿ. ಎಲ್ಲರೂ ಎಡವೋದು ಇಲ್ಲೇ. ರಿಜಿಸ್ಟರಿನ ಕೊನೇ ನಂಬರ್ 3,240 ಅಂದ್ರೆ ಲೈಬ್ರರಿಯಲ್ಲಿ 3,240 ಪುಸ್ತಕ ಇರ್ಬೇಕು ಅಂತ ಅಲ್ಲ, ಹಿಂದೆ ರದ್ದು ಮಾಡಿದ್ದು, ಬೇರೆ ಲೈಬ್ರರಿಗೆ ಕೊಟ್ಟಿದ್ದು ಎಲ್ಲಾ ಅದರೊಳಗೇ ಇರತ್ತೆ, ರದ್ದಾದ ನಂಬರನ್ನ ಹೊಸ ಪುಸ್ತಕಕ್ಕೆ ಕೊಡೋ ಹಾಗೂ ಇಲ್ಲ. ಮೊದಲು ಷರಾ ಕಾಲಂ ನೋಡ್ಕೊಂಡು ರದ್ದಾದವನ್ನ ಪಟ್ಟಿ ಮಾಡಿ ಕಳೀರಿ. ಇನ್ನೊಂದು ತೊಂದರೆ ಏನಂದ್ರೆ 2019ರಲ್ಲಿ ನಮ್ಮ ಲೈಬ್ರರಿಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದಾಗ ಕೆಲವರು ಹೊಸ ರಿಜಿಸ್ಟರ್ ತೆಗೆದು ಮತ್ತೆ 1ರಿಂದ ನಂಬರ್ ಹಾಕಿಬಿಟ್ರು, ಈಗ ಒಂದೇ ನಂಬರಿನ ಎರಡೆರಡು ಪುಸ್ತಕ ಸಿಗತ್ತೆ. ನಿಮ್ಮಲ್ಲೂ ಹಾಗಾಗಿದ್ರೆ ಹಳೇ ನಂಬರ್ ಮುಟ್ಟಬೇಡಿ, ಹೊಸ ಸಾಲಿನ ನಂಬರಿಗೆ ಮುಂದೆ ಒಂದು ‘ಹೊ’ ಸೇರಿಸಿ ಸಾಕು.

ಈಗ ನಿಜವಾದ ಎಣಿಕೆ. ರೂಲ್ಡ್ ಹಾಳೆಯಲ್ಲಿ ಹತ್ತು ಸಾಲು ಹತ್ತು ಕಾಲಂ ಹಾಕಿ 1ರಿಂದ 100, ಮುಂದಿನ ಹಾಳೆಗೆ 101ರಿಂದ 200, ಹೀಗೆ ಕೊನೇವರೆಗೂ ನಂಬರ್ ಬರ್ಕೊಳ್ಳಿ. 3,240 ನಂಬರಿಗೆ 33 ಹಾಳೆ. ಒಬ್ಬರು ರ‍್ಯಾಕ್ ಹತ್ರ, ಒಬ್ಬರು ಹಾಳೆ ಹಿಡ್ಕೊಂಡು. ರ‍್ಯಾಕ್ ಹತ್ರ ಇರೋರು ನಂಬರನ್ನ ಬಿಡಿಬಿಡಿಯಾಗಿ ಓದ್ಬೇಕು, ‘ಒಂದು ಎರಡು ಒಂದು ನಾಲ್ಕು’ ಅಂತ, ಹಾಳೆಯವರು ಅದನ್ನ ವಾಪಸ್ ಹೇಳಿ ಹಾಳೆಯಲ್ಲಿ ಆ ನಂಬರಿಗೆ ಗೀಟು ಹೊಡೀಬೇಕು. ತಮಾಷೆ ಥರ ಕಾಣತ್ತೆ, ಆದ್ರೆ ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಕಣ್ಣು ಕಿವಿ ಎರಡೂ ಮೋಸ ಮಾಡತ್ತೆ, ಆಗ ಇದೇ ಕಾಪಾಡೋದು. ಎಲ್ಲಾ ಪುಸ್ತಕ ಒಟ್ಟಿಗೆ ಕೆಳಗೆ ಇಳಿಸಬೇಡಿ, ವಾರ ಆದ್ರೂ ಜೋಡಿಸಕ್ಕಾಗಲ್ಲ. ಒಂದು ತಟ್ಟೆಯ, ಅಂದ್ರೆ ಒಂದು ಶೆಲ್ಫಿನ, ಪುಸ್ತಕ ಇಳಿಸಿ, ಒಣಬಟ್ಟೇಲಿ ಒರೆಸಿ, ಎಣಿಸಿ, ಮತ್ತೆ ಇಟ್ಟು ಮುಂದಿನ ತಟ್ಟೆ. ಹೊರಗೆ ಹೋಗಿರೋ ಪುಸ್ತಕಕ್ಕೆ ವಿತರಣಾ ರಿಜಿಸ್ಟರ್ ನೋಡಿ ‘ವಿ’ ಅಂತ, ಬೈಂಡಿಂಗಿಗೆ ಹೋಗಿದ್ದಕ್ಕೆ ‘ಬೈ’ ಅಂತ ಹಾಕಿ.

ಮೊದಲ ಪುಟವೇ ಹರಿದುಹೋಗಿರೋ ಪುಸ್ತಕ ಸಿಕ್ಕಿದ್ರೆ ಗಾಬರಿ ಬೇಡ. ಹಳೇ ಲೈಬ್ರರಿಯವರು ಒಳಗಡೆ ಗೊತ್ತು ಮಾಡಿಟ್ಟ ಒಂದು ಪುಟದಲ್ಲೂ ಸೀಲು, ನಂಬರ್ ಹಾಕಿರ್ತಾರೆ, ಸೀಕ್ರೆಟ್ ಪೇಜ್ ಅಂತೀವಿ ನಾವು. ನಾಲ್ಕು ಪುಸ್ತಕ ಬಿಚ್ಚಿ ನೋಡಿದ್ರೆ ನಿಮ್ಮ ಲೈಬ್ರರಿಯದು ಯಾವ ಪುಟ ಅಂತ ತಿಳಿಯತ್ತೆ.

ಹೊಡೆಯದೇ ಉಳಿದ ನಂಬರ್ ಎಲ್ಲಾ ಕಳೆದವು ಅಂತ ಅವತ್ತೇ ಬರೀಬೇಡಿ. ಒಂದ್ಸಲ ನನ್ನ ಹಾಳೆಯಲ್ಲಿ 619 ಉಳಿದುಹೋಯ್ತು, ಎರಡು ದಿನ ಹುಡುಕಿದೆ, ಬೀರು ಹಿಂದೆ, ಅಂಗನವಾಡಿಯಲ್ಲಿ, ಎಲ್ಲೂ ಇಲ್ಲ. ಕೊನೆಗೆ ನೋಡಿದ್ರೆ 616 ಅನ್ನೋ ನಂಬರಿಗೆ ಎರಡು ಸಲ ಗೀಟು ಬಿದ್ದಿತ್ತು. ಹಳಬರು ಕನ್ನಡ ಅಂಕಿಯಲ್ಲಿ ೬೧೯ ಅಂತ ಬರೆದಿದ್ರು, ಶಾಯಿ ಮಸುಕಾಗಿ ೯ರ ಬಾಲ ೬ರ ಥರ ಕಾಣ್ತಿತ್ತು ಅಷ್ಟೆ. ಪುಸ್ತಕ ಮೂರನೇ ತಟ್ಟೆಯಲ್ಲೇ ಕೂತಿತ್ತು. ಅವತ್ತಿಂದ ಉಳಿದ ನಂಬರ್ ಪಟ್ಟಿನ ಒಂದು ವಾರ ಬಿಟ್ಟು ಬೇರೆಯವರ ಕೈಲಿ ಹುಡುಕಿಸ್ತೀನಿ. ಅರ್ಧಕ್ಕೂ ಹೆಚ್ಚು ಸಿಕ್ಕೇ ಸಿಗತ್ತೆ.

ಆಮೇಲೂ ಸಿಗದೇ ಇರೋದನ್ನ ಪಟ್ಟಿ ಮಾಡಿ, ನಂಬರ್, ಹೆಸರು, ಬೆಲೆ, ಕೊನೇ ಸಲ ಯಾವಾಗ ಹೊರಗೆ ಹೋಗಿತ್ತು. ಈ ಪಟ್ಟಿ ಮುಚ್ಚಿಡಬೇಡಿ, ನೀವೇ ಸಭೆಗೆ ಇಡಿ. ಜೊತೆಗೆ ಇನ್ನೊಂದು ಲೆಕ್ಕಾನೂ ಇಡಿ, ಹೋದ ವರ್ಷ ಒಟ್ಟು ಎಷ್ಟು ಸಲ ಪುಸ್ತಕ ಓದಕ್ಕೆ ಹೋಯ್ತು ಅನ್ನೋದು. ಯಾಕೆ ಅಂದ್ರೆ ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು 2017, ಅದರ 215ನೇ ನಿಯಮದಲ್ಲಿ, ವರ್ಷಕ್ಕೆ ಓದಕ್ಕೆ ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಕಳೆದ್ರೆ ಅದು ಸಹಜ ನಷ್ಟ ಅಂತಾನೇ ಇದೆ, ಮೋಸ, ಬೇಜವಾಬ್ದಾರಿ ಇರಬಾರದು ಅಷ್ಟೆ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ, ಅಪರೂಪದ ಪುಸ್ತಕ ಹೋದ್ರೆ ಮಾತ್ರ ವಿಚಾರಣೆ ಆಗ್ಲೇಬೇಕು. 20,000 ಪುಸ್ತಕದವರೆಗಿನ ಲೈಬ್ರರಿ ವರ್ಷ ವರ್ಷ ಪೂರ್ತಿ ಎಣಿಸ್ಬೇಕು ಅನ್ನೋದೂ ಅದರಲ್ಲೇ ಬರತ್ತೆ. ಇದು ಕೇಂದ್ರದ ರೂಲು, ಪಂಚಾಯ್ತಿಗೆ ನೇರ ಅನ್ವಯ ಆಗಲ್ಲ ನಿಜ, ಆದ್ರೆ ಸಭೆಯಲ್ಲಿ ಮಾತಾಡಕ್ಕೆ ಕೈಯಲ್ಲೊಂದು ಅಳತೆಗೋಲು ಬೇಕಲ್ಲ. 4,000 ಸಲ ಪುಸ್ತಕ ಹೊರಗೆ ಹೋಗಿ 9 ಕಳೆದಿದ್ರೆ, ಆ ಲೆಕ್ಕದಲ್ಲಿ 20ರವರೆಗೂ ಸಹಜ. ಬೀರು ಬೀಗ ಹಾಕಿದ್ದ ನನ್ನ ಆ ಆರು ವರ್ಷದಲ್ಲಿ ಸೊನ್ನೆ ಕಳೆದಿತ್ತು, ಯಾರಾದ್ರೂ ಆಗ ‘ಎಷ್ಟು ಹೋಯ್ತು ಹೊರಗೆ’ ಅಂತ ಕೇಳಿದ್ರೆ ನಾನು ತಲೆ ತಗ್ಗಿಸ್ಬೇಕಿತ್ತು. ಸಮಿತಿಯವರೇ, ದಯವಿಟ್ಟು ಇದನ್ನ ಕೇಳಿ. ಕಂದಾಯದಲ್ಲಿ ರೂಪಾಯಿಗೆ 6 ಪೈಸೆ ಅಂತ ಲೈಬ್ರರಿ ಸೆಸ್ ಇರೋದು ಪುಸ್ತಕ ಬೀರುವಿನಲ್ಲಿ ಕೂರಿಸಕ್ಕಲ್ಲ. ‘ಪುಸ್ತಕ ಇರೋದು ಬಳಸೋಕೆ’ ಅಂತ ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಅವರು ಲೈಬ್ರರಿಗಳ ಮೊದಲನೇ ಸೂತ್ರ ಬರೆದಿದ್ದು 1931ರಲ್ಲಿ, ನಾವಿನ್ನೂ ಬೀಗದ ಕೈ ಸೊಂಟಕ್ಕೆ ಸಿಗಿಸ್ಕೊಂಡು ಓಡಾಡ್ತಿದ್ದೀವಿ.

ಎಣಿಸೋವಾಗಲೇ ತೆಗೆದುಹಾಕೋ ಪುಸ್ತಕನೂ ಬೇರೆ ಮಾಡ್ಕೊಳ್ಳಿ. ಗೆದ್ದಲು ತಿಂದಿದ್ದು ಗೊತ್ತೇ ಆಗತ್ತೆ, ಅಪಾಯ ಇರೋದು ನೋಡಕ್ಕೆ ಚೆನ್ನಾಗಿದ್ದು ಒಳಗೆ ತಪ್ಪು ಹೇಳೋ ಪುಸ್ತಕದಲ್ಲಿ. ಜುಲೈ 2017ಕ್ಕಿಂತ ಹಿಂದಿನ ಟ್ಯಾಕ್ಸ್ ಗೈಡಲ್ಲಿ ಜಿಎಸ್‌ಟಿ ಇರಲ್ಲ, ತೆಲಂಗಾಣ ಇಲ್ಲದ ಭೂಪಟ 2014ಕ್ಕೂ ಹಿಂದಿನದು, ವಿಜಯನಗರ ಸೇರಿಸದೇ 30 ಜಿಲ್ಲೆ ಅನ್ನೋ ಜಿಕೆ ಪುಸ್ತಕ 2021ಕ್ಕೂ ಹಿಂದಿನದು, 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಪರೀಕ್ಷೆಗೆ ಓದೋ ಹುಡುಗ ಹಳೇದನ್ನೇ ನಂಬಿ ಮಾರ್ಕ್ಸ್ ಕಳ್ಕೊಂಡ್ರೆ ಪಾಪ ಯಾರಿಗೆ? ಆದ್ರೆ ಊರಿನ ಜಾತ್ರೆ, ಶಾಲೆ ಶತಮಾನೋತ್ಸವದ ಸ್ಮರಣ ಸಂಚಿಕೆ, ಜಿಲ್ಲಾ ಗೆಜೆಟಿಯರ್, ಊರಿನವರೇ ಬರೆದ ಕವನ ಸಂಕಲನ, ಇವು ಹತ್ತು ವರ್ಷ ಯಾರೂ ಮುಟ್ಟದಿದ್ರೂ ಇರಲಿ, ಬೇರೆ ಕಡೆ ಸುಲಭಕ್ಕೆ ಸಿಗಲ್ಲ ಅವು.

ತೆಗೆದದ್ದನ್ನ ನೀವೇ ರದ್ದಿಗೆ ಹಾಕ್ಬೇಡಿ ಮಾತ್ರ. ಪಟ್ಟಿ ಮಾಡಿ, ಪಿಡಿಓ ಮುಖಾಂತರ ಸಭೆಗೆ ಹೋಗಿ, ಲಿಖಿತ ಆದೇಶ ಬಂದು, ಪುಸ್ತಕದ ಮೇಲೆ ‘ರದ್ದು’ ಸೀಲು ಬಿದ್ದು, ರಿಜಿಸ್ಟರಿನಲ್ಲಿ ಆದೇಶದ ನಂಬರ್ ದಿನಾಂಕ ಕೆಂಪು ಶಾಯಿಯಲ್ಲಿ ಬರೆದ ಮೇಲೇ ಹರಾಜು. ಫುಟ್‌ಪಾತಿನಲ್ಲಿ ಲೈಬ್ರರಿ ಸೀಲಿನ ಪುಸ್ತಕ ನೋಡಿದಾಗೆಲ್ಲ ನಾನು ಮೊದಲು ರದ್ದು ಸೀಲು ಇದೆಯಾ ಅಂತ ನೋಡ್ತೀನಿ, ಚಟ ಹಂಗಾಗಿದೆ.

ಕಡೇದಾಗಿ ನಡಾವಳಿ. ರಿಜಿಸ್ಟರಿನಲ್ಲಿ ಇರೋದು ಎಷ್ಟು, ತಟ್ಟೆಯಲ್ಲಿ ಎಷ್ಟು, ಓದುಗರ ಹತ್ರ ಎಷ್ಟು, ಬೈಂಡಿಂಗ್ ಎಷ್ಟು, ರದ್ದಾದದ್ದು ಎಷ್ಟು, ಸಿಗದೇ ಇದ್ದದ್ದು ಎಷ್ಟು ಅಂತ ಒಂದೇ ಪುಟದಲ್ಲಿ ಬರೆದು ಎಣಿಸಿದ ಇಬ್ಬರೂ ಸಹಿ ಹಾಕಿ, ಸಮಿತಿಯವರ ಸಹಿ ಹಾಕಿಸಿ. ಆ 33 ಹಾಳೆನೂ ಅದರ ಜೊತೆಗೇ ಪಿನ್ ಮಾಡಿ. ಮುಂದಿನ ಫೆಬ್ರವರಿಯಲ್ಲಿ ನಿಮ್ಮ ಜಾಗಕ್ಕೆ ಬೇರೆಯವರು ಬಂದಿದ್ರೂ ಮೊದಲು ಕೇಳೋದು ಅದನ್ನೇ.