ಒತ್ತಡವನ್ನು ಮೊದಲು ಕೆಲಸದಲ್ಲಿ ಹುಡುಕಿ

ನಾನು ಹಾಸನದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ವೆಲ್ಫೇರ್ ಆಫೀಸರ್. ಕೆಲಸದವರಿಗೆ ಟೆನ್ಷನ್ ಜಾಸ್ತಿಯಾಗಿದೆ ಅಂದರೆ ಎಷ್ಟೋ ಕಡೆ ಒಂದು ದಿನ ಧ್ಯಾನದ ಕ್ಲಾಸ್ ಮಾಡಿಸಿ ಸುಮ್ಮನಾಗುತ್ತಾರೆ. ಧ್ಯಾನ ಒಳ್ಳೆಯದೇ. ಆದರೆ ಮರುದಿನವೂ ಅದೇ ಟಾರ್ಗೆಟ್, ಅದೇ ಬೈಗುಳ ಇದ್ದರೆ ಏನು ಬಂತು?

ಮೊದಲು ಹಾಜರಿ ಪುಸ್ತಕ ತೆಗೆಯಿರಿ. ರಜೆ, ಓಟಿ (ಪಾಳಿ ಮುಗಿದ ಮೇಲೆ ಮಾಡುವ ಹೆಚ್ಚುವರಿ ಕೆಲಸ), ಕೆಲಸ ಬಿಟ್ಟವರು, ಇವನ್ನು ಲೈನ್‌ವಾರು ಬರೆದುಕೊಳ್ಳಿ. ಲೈನ್ ಅಂದರೆ ಒಂದೇ ಬಟ್ಟೆಯನ್ನು ಒಬ್ಬರಾದ ಮೇಲೆ ಒಬ್ಬರು ಹೊಲಿಯುವ ಮಷಿನ್ ಸಾಲು. ಒಂದೇ ಲೈನ್‌ನಲ್ಲಿ ಎಲ್ಲವೂ ಜಾಸ್ತಿ ಇದ್ದರೆ ಅಲ್ಲಿ ಹೋಗಿ ನಿಂತು ನೋಡಿ. ಸುಮ್ನೆ ಒಂದು ಸುತ್ತು ಹಾಕಿ ಬಂದರೆ ಏನೂ ಕಾಣುವುದಿಲ್ಲ. ಎರಡು ಮೂರು ಗಂಟೆ ನಿಲ್ಲಬೇಕು.

ಶರ್ಟ್ ಲೈನ್‌ನಲ್ಲಿ ಕಾಲರ್ ಕೂರಿಸುವ ಮಷಿನ್ ಹತ್ತಿರ ಬಂಡಲ್ ಗುಡ್ಡೆ ಬೀಳುತ್ತದೆ. ಮುಂದಿನವರು ಕೈಕಟ್ಟಿ ಕೂತಿರುತ್ತಾರೆ. ಗಂಟೆ ಗಂಟೆಗೂ ಬೋರ್ಡ್ ಮೇಲೆ ಪೀಸ್ ಲೆಕ್ಕ ಬರೆಯುತ್ತಾರೆ, ಬೈಗುಳವೆಲ್ಲ ಕಾಲರ್‌ನವಳಿಗೆ. ಅವಳ ನೀರಿನ ಬಾಟಲಿ ನೋಡಿ. ಊಟದ ಹೊತ್ತಾದರೂ ತುಂಬಿಯೇ ಇದ್ದರೆ, ಟಾಯ್ಲೆಟ್‌ಗೆ ಎದ್ದರೆ ಪೀಸ್ ಕಮ್ಮಿಯಾಗುತ್ತದೆ ಅಂತ ಅವಳು ನೀರೇ ಕುಡಿದಿಲ್ಲ ಅಂತ ಅರ್ಥ. ಅವಳಿಗೆ ಧೈರ್ಯ ಹೇಳಿದರೆ ಸಾಲದು, ಅಲ್ವಾ? ಅಲ್ಲಿಗೆ ಇನ್ನೊಂದು ಮಷಿನ್ ಹಾಕಿಸಿ. ಎದ್ದು ಹೋದವರ ಜಾಗದಲ್ಲಿ ಕೂರಲು ಒಬ್ಬ ಫ್ಲೋಟರ್ ಇರಲಿ. ಹೊಸ ಸ್ಟೈಲ್ ಬಂದ ಮೊದಲ ದಿನಗಳಲ್ಲಿ, ಕೈ ಕೂರುವ ತನಕ, ಟಾರ್ಗೆಟ್ ಇಳಿಸಿ.

ಆಮೇಲೆ ಮಾತಾಡಿಸಿ. ಕ್ಯಾಬಿನ್‌ಗೆ ಕರೆಯಬೇಡಿ, ಸೂಪರ್‌ವೈಸರ್ ಹತ್ತಿರ ಇರಬಾರದು. 'ಒತ್ತಡ ಇದೆಯಾ' ಅಂದರೆ 'ಏನಿಲ್ಲ ಮೇಡಂ' ಅಂತಲೇ ಉತ್ತರ ಬರುತ್ತದೆ. 'ನಿನ್ನೆ ಯಾವಾಗ ಸಾಕಪ್ಪಾ ಅನ್ನಿಸ್ತು?' ಅಂತ ಕೇಳಿ. ನಮ್ಮಲ್ಲಿ ಹೆಚ್ಚಿನವರು ಹೇಳುವುದು ಸಂಜೆ ಹೊತ್ತಿನ ಮಾತು: ಸೂಪರ್‌ವೈಸರ್ ನಾಲ್ಕು ಗಂಟೆಗೆ ಬಂದು 'ಇವತ್ತು ಓಟಿ' ಅನ್ನುತ್ತಾರೆ, ಆಲೂರು, ಅರಕಲಗೂಡು ಕಡೆಯವರಿಗೆ ಬಸ್ ಚಿಂತೆ, ಮನೆಯಲ್ಲಿ ಮಗು. ಓಟಿಗೆ ಎರಡು ಪಟ್ಟು ಕೂಲಿ ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ಅದರ ಜೊತೆಗೆ ಹಿಂದಿನ ದಿನವೇ ತಿಳಿಸುವುದು, ಆಗಲ್ಲ ಅಂದವರನ್ನು ಬಿಡುವುದು, ವಾಹನ ಮಾಡುವುದು, ಇಷ್ಟಾದರೆ ಅರ್ಧ ಗೋಳು ಹೋಗುತ್ತದೆ.

ಸೂಪರ್‌ವೈಸರ್‌ಗಳನ್ನೂ ಕೇಳಿ. ಶಿಪ್‌ಮೆಂಟ್ ದಿನಾಂಕದ ಬಿಸಿ ಅವರಿಗೂ ತಟ್ಟಿರುತ್ತದೆ. ಆದರೂ ಬೈಗುಳಕ್ಕೆ ಅದು ನೆಪವಾಗಬಾರದು. ಲೈಂಗಿಕ ಕಿರುಕುಳದ ಮಾತು ಬಂದರೆ 2013ರ ಕಾಯ್ದೆಯಂತೆ ಇರುವ ಆಂತರಿಕ ಸಮಿತಿಗೇ ದೂರು ಹೋಗಬೇಕು, ಕೆಲಸದ ಫ್ಲೋರ್‌ನಲ್ಲಿ ರಾಜಿ ಪಂಚಾಯ್ತಿ ಬೇಡ.

ಕಂಡದ್ದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ: ತೊಂದರೆ ಏನು, ಯಾರಿಗೆ, ಯಾರು ಸರಿ ಮಾಡುತ್ತಾರೆ, ಯಾವಾಗ. ದಿನಾ ಕಾಡುವುದನ್ನು, ತುಂಬಾ ಜನಕ್ಕೆ ತಟ್ಟುವುದನ್ನು ಮೊದಲು ಹಿಡಿಯಿರಿ. ತಿಂಗಳು ಬಿಟ್ಟು ಅದೇ ಲೈನ್‌ಗೆ ಹೋಗಿ ಮತ್ತೆ ನೋಡಿ.

ನಿದ್ದೆ ಬರಲ್ಲ, ಬದುಕೇ ಬೇಡ ಅಂತ ಯಾರಾದರೂ ಅಂದರೆ ಅವರನ್ನು ಒಬ್ಬರೇ ಬಿಡಬೇಡಿ. ವಿಷಯ ಫ್ಲೋರ್‌ಗೆ ಹಬ್ಬಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮೂರಿನ ಹಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಜೊತೆಗೆ ಒಬ್ಬರನ್ನು ಕಳಿಸಿ, ಇಬ್ಬರಿಗೂ ಆ ದಿನದ ಸಂಬಳ ಹಿಡಿಯಬೇಡಿ.