ಹಳೆ ಮಾರುತಿ: ವರ್ಷ ಕೇಳಬೇಡಿ, ಹಿಂಚಕ್ರದಡಿ ಬಗ್ಗಿ ನೋಡಿ

ಹಳೆ ಬಿಡಿಭಾಗಗಳ ಅಂಗಡಿ ಸಾಲಿರುವ ಮುಂಬೈಯ ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ‘1986ರ ಮಾರುತಿ 800ಕ್ಕೆ ಹಿಂದಿನ ಸಸ್ಪೆನ್ಶನ್ ಇದೆಯಾ’ ಎಂದು ಕೇಳುತ್ತ ಅಲೆಯುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ. ಗಾಡಿ ಬದಲಾದದ್ದೇ ಆ ವರ್ಷ. 1983ರ ಡಿಸೆಂಬರ್‌ನಲ್ಲಿ ಬಂದ ಮೊದಲ ಮಾದರಿ ಎಸ್‌ಎಸ್80ಕ್ಕೆ ಹಿಂದೆ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್, ಮೇಸ್ತ್ರಿಗಳ ಬಾಯಲ್ಲಿ ಪಾಟಾ. 1986ರಲ್ಲಿ ಬಂದ ಮುಂದಿನ ಮಾದರಿ ಎಸ್‌ಬಿ308ಕ್ಕೆ ಕಾಯಿಲ್, ಅಂದರೆ ಸುರುಳಿ ಸ್ಪ್ರಿಂಗ್. ಬಾನೆಟ್ ಎತ್ತಿ ಫಲವಿಲ್ಲ, ಎರಡರದ್ದೂ 796 ಸಿಸಿ ಎಂಜಿನ್ನೇ.

ಮೊದಲು ಆರ್‌ಸಿ. ನೋಂದಣಿ ದಿನಾಂಕ ಬಿಟ್ಟು ತಯಾರಿಕೆಯ ತಿಂಗಳು ನೋಡಿ, ಚಾಸಿ ನಂಬರ್ ತಾಳೆ ಹಾಕಿ.

ಆಮೇಲೆ ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಒಳಗೆ ತೂರಬೇಡಿ.

ಜನ ಎಡವುವುದು ಈಗ. ಎರಡು ಹಿಂಚಕ್ರಗಳನ್ನು ಜೋಡಿಸುವ ಆಕ್ಸಲ್ ಮೇಲೆ ಉಕ್ಕಿನ ಪಟ್ಟಿಗಳು ಉದ್ದಕ್ಕೆ ಹಾದು, ಯು-ಬೋಲ್ಟ್‌ನಲ್ಲಿ ಬಿಗಿದು, ಹಿಂತುದಿಯಲ್ಲಿ ತೂಗಾಡುವ ಕೊಂಡಿ (ಶ್ಯಾಕಲ್) ಇದ್ದರೆ ಅದು ಎಸ್‌ಎಸ್80ರ ವಿನ್ಯಾಸ. ಎರಡು ಬದಿಗೂ ಕಾಯಿಲ್, ಆಕ್ಸಲ್‌ನಿಂದ ಮುಂದಕ್ಕೆ ಚಾಚಿದ ಎರಡು ತೋಳು, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡ ರಾಡ್ (ಲ್ಯಾಟರಲ್ ರಾಡ್) ಕಂಡರೆ ಎಸ್‌ಬಿ308ರದು. ಅಷ್ಟಕ್ಕೇ ಎದ್ದು ಬರಬೇಡಿ. ನಲವತ್ತು ಮಳೆಗಾಲ ಕಂಡ ಗಾಡಿಯಿದು. ನಡುವೆ ಯಾರೋ ಪಾಟಾ ಕಿತ್ತು ಕಾಯಿಲ್ ಕೂರಿಸಿರಬಹುದು. ಹ್ಯಾಂಗರ್, ಅಂದರೆ ಸ್ಪ್ರಿಂಗನ್ನು ಗಾಡಿಯ ಮೈಗೆ ಹಿಡಿಯುವ ಬ್ರ್ಯಾಕೆಟ್, ಅದರ ಸುತ್ತ ಬಳಿದ ಕಪ್ಪು ಅಂಡರ್‌ಕೋಟಿಂಗನ್ನು ತಂತಿ ಬ್ರಷ್‌ನಿಂದ ಕೆರೆಯಿರಿ. ಕಾರ್ಖಾನೆಯ ಸ್ಪಾಟ್ ವೆಲ್ಡ್ ಸಣ್ಣ ದುಂಡು ಗುಳಿಗಳಂತೆ ಸಾಲಾಗಿರುತ್ತದೆ. ಗ್ಯಾರೇಜಿನ ಕೆಲಸವಾದರೆ ಉಬ್ಬುಬ್ಬಾದ ಬರೆ. ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಸಮುದ್ರದ ಗಾಳಿಯ ಊರಲ್ಲಿ ಹ್ಯಾಂಗರ್ ಬುಡವೇ ಮೊದಲು ಪುಡಿಯಾಗುವುದು. ದಪ್ಪಗೆ ಹೊಸ ಅಂಡರ್‌ಕೋಟಿಂಗ್ ಬಳಿದ ಗಾಡಿಯನ್ನು ನಾನಂತೂ ಕೊಳ್ಳುವುದಿಲ್ಲ.

ಎತ್ತರ ಅಳೆಯುವಾಗ ಚಕ್ರ ನೆಲದಲ್ಲಿರಲಿ. ತೂಗುಬಿಟ್ಟ ಚಕ್ರದ ಅಳತೆ ಕಸಕ್ಕೆ ಸಮ. ಸಮತಟ್ಟು ನೆಲದಲ್ಲಿ ಗಾಡಿಯನ್ನು ಎರಡು ಸಲ ಒತ್ತಿ ಬಿಟ್ಟು, ಚಕ್ರದ ಹಬ್ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಬದಿ ಅಳೆಯಿರಿ. ಒಂದು ಬದಿ ಕುಸಿದಿದ್ದರೂ ಸ್ಪ್ರಿಂಗ್ ಜೋಡಿಯಾಗಿಯೇ ಬದಲಿಸಿ. ಕಾಯಿಲ್ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್ ಮಾತ್ರ ಬೇಡ. ಗಾಡಿ ಎತ್ತರ ಕಾಣುತ್ತದೆ, ಹೊಂಡಕ್ಕಿಳಿದಾಗ ಬೆನ್ನಿಗೆ ಗೊತ್ತಾಗುತ್ತದೆ.

ಮುಂಚಕ್ರಗಳಿಗೆ ಎರಡು ಮಾದರಿಯಲ್ಲೂ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ. ಹೆಸರು ಒಂದೇ ಎಂದು ಬಿಡಿಭಾಗವೂ ಒಂದೇ ಅಂದುಕೊಳ್ಳದೆ, ಹಳೆಯದನ್ನು ಬಿಚ್ಚಿ ಅಂಗಡಿಗೇ ಒಯ್ದು ಪಕ್ಕಪಕ್ಕ ಇಟ್ಟು ನೋಡಿ.

ಪಾಟಾ ಗಾಡಿಗೆ ಕಾಯಿಲ್ ಹಾಕಿಸುವ ಆಸೆಯೇ? ಬೇಡ ಅನ್ನುತ್ತೇನೆ. ಪಾಟಾ ಬರೀ ಸ್ಪ್ರಿಂಗ್ ಅಲ್ಲ, ಆಕ್ಸಲನ್ನು ಜಾಗದಲ್ಲಿ ಹಿಡಿದಿರುವುದೂ ಅದೇ. ಕಿತ್ತರೆ ತೋಳು, ರಾಡ್, ಬ್ರ್ಯಾಕೆಟ್ ಎಲ್ಲ ಹೊಸದಾಗಿ ಬೆಸೆಯಬೇಕು. ಮೇಲಾಗಿ 15 ವರ್ಷ ದಾಟಿದ ಗಾಡಿ ನವೀಕರಣಕ್ಕೆಂದು 5 ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಲೇಬೇಕು, ಬೆಸೆದದ್ದು ಅಲ್ಲಿ ಕಣ್ಣಿಗೆ ಬಿದ್ದೀತು. ಪಾಟಾದ ಪಟ್ಟಿ ಬಿಚ್ಚಿ ತೊಳೆದು, ತುದಿಗಳ ರಬ್ಬರ್ ಬುಷ್ ಹೊಸದು ಹಾಕಿದರೆ ಸಾಕು. ಬುಷ್‌ನ ಬೋಲ್ಟ್‌ಗಳನ್ನು ಕೊನೆಯ ಬಿಗಿ ಬಿಗಿಯುವುದು ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರವೇ. ಗಾಳಿಯಲ್ಲಿ ತೂಗುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.